ನಾಣ್ಯದ ಹಿಂಬದಿಯ ಇಬ್ಬರು ಹುಡುಗರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ರೋಮ್ ಸಾಮ್ರಾಜ್ಯದ ಬಗ್ಗೆ ಬಂದ ಲೇಖನ ಓದಿದೆ. ‘ಆಗಸ್ಟಸ್ ನಂತರ ಅವನ ಮಗ ಟೈಬೀರಿಯಸ್ ಪಟ್ಟಕ್ಕೆ ಬಂದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಆ ಸಾಲಿನ ಹಿಂದೆ ಸುಮಾರು 30 ವರ್ಷಗಳ ಸಂಕಟ ಇದೆ. 28 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಸುಮ್ನೆ ಇರಲು ಮನಸ್ಸಾಗಲಿಲ್ಲ.

ಟೈಬೀರಿಯಸ್ ಸ್ವಂತ ಮಗನಲ್ಲ. ರೋಮ್‌ನ ಮೊದಲ ಚಕ್ರವರ್ತಿ ಎಂದು ನಾವು ಕರೆಯುವ ಆಗಸ್ಟಸ್‌ನ ಹೆಂಡತಿ ಲಿವಿಯಾಳಿಗೆ ಮೊದಲ ಗಂಡನಿಂದ ಹುಟ್ಟಿದವನು. ಆಗಸ್ಟಸ್‌ಗೆ ಇದ್ದದ್ದು ಒಬ್ಬಳೇ ಮಗಳು, ಜೂಲಿಯಾ. ಜೊತೆಗೆ ಅವನು ಹೆಸರಿಗೆ ರಾಜನೂ ಅಲ್ಲ. ಕ್ರಿ.ಪೂ. 27ರಲ್ಲಿ ಗಣರಾಜ್ಯವನ್ನು ಮರಳಿ ಒಪ್ಪಿಸಿದೆ ಎಂದು ಹೇಳಿಕೊಂಡವನು. ಅಧಿಕಾರವೆಲ್ಲ ಲೆಕ್ಕಕ್ಕೆ ಸೆನೆಟ್, ಅಂದರೆ ರೋಮ್‌ನ ಹಿರಿಯರ ಸಭೆ, ಕೊಟ್ಟದ್ದು. ಮನೆ, ಹಣ, ಹೆಸರು, ಇವನ್ನು ಉಯಿಲಿನಲ್ಲಿ ಬರೆಯಬಹುದು. ಸೈನ್ಯವನ್ನು ಉಯಿಲು ಮಾಡಲು ಬರುತ್ತದಾ? ‘ನಿಮ್ಮ ನಂತರ ಯಾರು’ ಎಂದು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹಾಗಾಗಿ ಅದೆಲ್ಲ ಮನೆಯೊಳಗೆ, ಮದುವೆ ಮತ್ತು ದತ್ತು ಮೂಲಕ ನಡೆಯಿತು.

ಅದರ ಭಾರವೆಲ್ಲ ಜೂಲಿಯಾಳ ಮೇಲೆ ಬಿತ್ತು. ಸುಮಾರು 14ನೇ ವಯಸ್ಸಿಗೆ ಅಪ್ಪನ ಅಕ್ಕನ ಮಗ ಮಾರ್ಸೆಲಸ್‌ಗೆ ಕೊಟ್ಟರು. ಕ್ರಿ.ಪೂ. 23ರಲ್ಲಿ ಅವನು ತೀರಿಕೊಂಡ. ಆಮೇಲೆ ಹೆಚ್ಚುಕಡಿಮೆ ಅಪ್ಪನ ವಯಸ್ಸಿನವನೇ ಆದ ಸೇನಾಪತಿ ಅಗ್ರಿಪ್ಪನಿಗೆ ಕೊಟ್ಟರು. ಅವರಿಗೆ ಗಾಯಸ್, ಲೂಸಿಯಸ್ ಹುಟ್ಟಿದರು. ಕ್ರಿ.ಪೂ. 17ರಲ್ಲಿ, ಲೂಸಿಯಸ್ ಇನ್ನೂ ಎಳೆಗೂಸಾಗಿದ್ದಾಗಲೇ, ಆಗಸ್ಟಸ್ ಇಬ್ಬರನ್ನೂ ದತ್ತು ತೆಗೆದುಕೊಂಡ. ತಾತ ಅಪ್ಪನಾದ.

ಈ ಇಬ್ಬರು ಹುಡುಗರು ನಮ್ಮ ಕಡೆಗೂ ಬಂದಿದ್ದಾರೆ. ನಮ್ಮ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ನಾಣ್ಯ ಸಿಕ್ಕಿದ್ದು ಬಹಳ ಜನರಿಗೆ ಗೊತ್ತು. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆಯವೇ ಜಾಸ್ತಿ. ಅದರಲ್ಲಿ ಒಂದನ್ನು ಸಂಗ್ರಹಕಾರರಾದ ಸ್ನೇಹಿತರೊಬ್ಬರು ನನ್ನ ಅಂಗೈ ಮೇಲೆ ಇಟ್ಟಿದ್ದರು. ನಾಲ್ಕು ಗ್ರಾಮ್ ಕೂಡ ತೂಗುವುದಿಲ್ಲ. ಟಂಕಿಸಿದ್ದು ಈಗಿನ ಫ್ರಾನ್ಸ್‌ನ ಲಿಯೋನ್‌ನಲ್ಲಿ. ಒಂದು ಕಡೆ ಆಗಸ್ಟಸ್‌ನ ತಲೆ. ತಿರುಗಿಸಿದರೆ ಇಬ್ಬರು ಯುವಕರು ನಿಂತಿದ್ದಾರೆ. ಮೈಮೇಲೆ ರೋಮನ್ನರ ಹೊದಿಕೆ ಉಡುಪು ಟೋಗಾ, ಕೈ ಗುರಾಣಿಯ ಮೇಲೆ, ಹಿಂದೆ ಈಟಿ. ಅವರ ನಡುವೆ ಮೇಲುಗಡೆ ಪೂಜೆಯ ಸೌಟು ಒಂದು, ಶಕುನ ನೋಡುವವರ ಡೊಂಕು ಕೋಲು ಒಂದು. ಸುತ್ತ ಇರುವ ಬರಹದಲ್ಲಿ ‘ಆಗಸ್ಟಸ್‌ನ ಮಕ್ಕಳು’ ಎಂದಿದೆ. ಬಾಯಲ್ಲಿ ಹೇಳಲಾಗದ್ದನ್ನು ಅವನು ಬೆಳ್ಳಿಯ ಮೇಲೆ ಒತ್ತಿಸಿ ಊರೂರಿಗೆ ಕಳಿಸಿದ.

ತನ್ನ 63ನೇ ವರ್ಷ ದಾಟಿದ ಹುಟ್ಟುಹಬ್ಬದ ದಿನ ಅವನು ದೂರದಲ್ಲಿದ್ದ ಗಾಯಸ್‌ಗೆ ಬರೆದ ಕಾಗದ ಉಳಿದಿದೆ. ಶುರುವಿನಲ್ಲೇ ಮುದ್ದಿನಿಂದ ಕತ್ತೆಮರಿ ಎಂದು ಕರೆಯುತ್ತಾನೆ. ಇಂಥ ದಿನ ಕಣ್ಣು ನಿನ್ನನ್ನೇ ಹುಡುಕುತ್ತದೆ ಎನ್ನುತ್ತಾನೆ. ನನ್ನ ಜಾಗಕ್ಕೆ ನೀವಿಬ್ಬರು ಬರಬೇಕು ಎಂಬ ಆಸೆಯನ್ನೂ ಬರೆಯುತ್ತಾನೆ. ಅದನ್ನು ತರಗತಿಯಲ್ಲಿ ಓದಿ ಹೇಳುವಾಗ ಪ್ರತಿ ವರ್ಷ ನನಗೆ ಗಂಟಲು ಕಟ್ಟುತ್ತಿತ್ತು.

ಯಾಕೆಂದರೆ ಕ್ರಿ.ಶ. 2ರಲ್ಲಿ ಲೂಸಿಯಸ್ ಈಗಿನ ಮಾರ್ಸೆಯ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡ. ಅರ್ಮೇನಿಯಾದಲ್ಲಿ ಕೋಟೆಯೊಂದರ ಮುಂದೆ ಗಾಯಗೊಂಡ ಗಾಯಸ್, ಮರಳುವ ದಾರಿಯಲ್ಲಿ, ಈಗಿನ ಟರ್ಕಿಯ ಲಿಮಿರಾದಲ್ಲಿ ಕ್ರಿ.ಶ. 4ರಲ್ಲಿ ಸತ್ತ. 23 ವರ್ಷ. ತನ್ನ ಮಗ ಟೈಬೀರಿಯಸ್‌ಗೆ ದಾರಿ ಮಾಡಲು ಇಬ್ಬರನ್ನೂ ಕೊಲ್ಲಿಸಿದಳು ಎಂದು ಲಿವಿಯಾಳ ಮೇಲೆ ಆಗಲೇ ಅನುಮಾನ ಹೊರಿಸಿದ್ದರು. ನಾನು ಅದನ್ನು ನಂಬುವುದಿಲ್ಲ. ಅಷ್ಟು ದೂರದ ಎರಡು ಸಾವುಗಳನ್ನು ರೋಮ್‌ನಲ್ಲಿದ್ದ ಹೆಂಗಸಿನ ತಲೆಗೆ ಕಟ್ಟುವುದು ಅನ್ಯಾಯ.

ಉಳಿದವನು ಟೈಬೀರಿಯಸ್. ಅಗ್ರಿಪ್ಪ ಸತ್ತ ಮೇಲೆ ಜೂಲಿಯಾಳನ್ನು ಇವನಿಗೆ ಕಟ್ಟಿದ್ದರು. ಅದಕ್ಕಾಗಿ ಅವನು ಪ್ರೀತಿಯ ಹೆಂಡತಿ ವಿಪ್ಸಾನಿಯಾಳನ್ನು ಬಿಡಬೇಕಾಯಿತು. ಒಮ್ಮೆ ಅವಳು ಕಣ್ಣಿಗೆ ಬಿದ್ದಾಗ ಕಣ್ಣೀರು ತುಂಬಿಕೊಂಡು ನೋಡುತ್ತಲೇ ಇದ್ದನಂತೆ. ಆಮೇಲೆ ಅವಳು ಎದುರಿಗೆ ಬಾರದ ಹಾಗೆ ನೋಡಿಕೊಂಡರು ಎಂದು ರೋಮನ್ ಚರಿತ್ರಕಾರ ಸ್ಯೂಟೋನಿಯಸ್ ಬರೆಯುತ್ತಾನೆ. ಕ್ರಿ.ಶ. 4ರಲ್ಲಿ ಆಗಸ್ಟಸ್ ಟೈಬೀರಿಯಸ್‌ನನ್ನು ದತ್ತು ತೆಗೆದುಕೊಂಡ. ಆದರೆ ಉಯಿಲಿನಲ್ಲಿ ಆಗಸ್ಟಸ್ ಮೊದಲು ಬರೆದದ್ದು, ವಿಧಿ ನನ್ನ ಗಾಯಸ್, ಲೂಸಿಯಸ್‌ರನ್ನು ಕಿತ್ತುಕೊಂಡಿದ್ದರಿಂದ ಟೈಬೀರಿಯಸ್ ನನ್ನ ವಾರಸುದಾರ ಎಂದು. ಕ್ರಿ.ಶ. 14ರಲ್ಲಿ ಇದನ್ನು ಸೆನೆಟ್‌ನಲ್ಲಿ ಎಲ್ಲರ ಮುಂದೆ ಓದಿದರು. ಆ ಮನುಷ್ಯನಿಗೆ ಹೇಗಾಗಿರಬೇಡ! ಜೂಲಿಯಾಳ ಕೊನೆಯ ಮಗ ದ್ವೀಪವೊಂದಕ್ಕೆ ಗಡಿಪಾರಾಗಿದ್ದ; ಅದೇ ಹೊತ್ತಿಗೆ ಅವನನ್ನು ಕಾವಲಿನವರು ಕೊಂದರು. ಆಜ್ಞೆ ಕೊಟ್ಟವರು ಯಾರು ಎಂಬುದು ಇವತ್ತಿಗೂ ಬಗೆಹರಿದಿಲ್ಲ.

ನಮ್ಮಲ್ಲಿ ಜಾಸ್ತಿ ಸಿಕ್ಕ ಎರಡನೇ ನಾಣ್ಯ ಈ ಟೈಬೀರಿಯಸ್‌ನದೇ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣ ಇದೆ. ಹೋದ ತಿಂಗಳು ಮೊಮ್ಮಗಳನ್ನು ವಸ್ತುಸಂಗ್ರಹಾಲಯವೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಆಗಸ್ಟಸ್‌ನ ನಾಣ್ಯ ಇತ್ತು. ತಲೆ ಇರುವ ಬದಿ ಮೇಲಕ್ಕೆ, ಹಿಂಬದಿ ಬಟ್ಟೆಗೆ ಅಂಟಿಕೊಂಡಿತ್ತು. ಪಕ್ಕದ ಚೀಟಿಯಲ್ಲಿ ‘ರೋಮನ್ ನಾಣ್ಯ, ಬೆಳ್ಳಿ’ ಎಂದಷ್ಟೇ. ‘ಅಜ್ಜಿ, ಆ ಕಡೆ ಏನಿದೆ?’ ಎಂದು ಅವಳು ಕೇಳಿದಳು. ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ, ಆದರೆ ತೋರಿಸಲು ಆಗಲಿಲ್ಲ.

ಇಂಥ ನಾಣ್ಯ ಇಟ್ಟಿರುವ ಎಲ್ಲರಲ್ಲೂ ನನ್ನ ಕೋರಿಕೆ ಇಷ್ಟೇ. ನಾಣ್ಯದ ಪಕ್ಕ ಹಿಂಬದಿಯ ಒಂದು ದೊಡ್ಡ ಫೋಟೊ ಹಾಕಿ. ಕೆಳಗೆ ಕನ್ನಡದಲ್ಲಿ ಆ ಇಬ್ಬರ ಹೆಸರು ಬರೆಯಿರಿ. ಫೋಟೊ ಇಲ್ಲದಿದ್ದರೆ ಸ್ನೇಹಿತರ ನಾಣ್ಯದ್ದು ತೆಗೆಸಿ ಕಳಿಸಲು ನಾನು ತಯಾರಿದ್ದೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಚಿತ್ರದುರ್ಗ