ಬಕೆಟ್ಟಿನಲ್ಲಿ ಬಸಳೆ

ಅಮೆರಿಕದ ನಮ್ಮ ಕನ್ನಡ ಕೂಟದ ಪತ್ರಿಕೆಯ ಯುಗಾದಿ ಸಂಚಿಕೆ ನಾಳೆ ಬೆಳಿಗ್ಗೆ ಹೋಗಲೇಬೇಕು, ಪುಟ ಜೋಡಿಸುವವರಿಂದ ಫೋನಿನ ಮೇಲೆ ಫೋನು. ಸಂಪಾದಕೀಯದಲ್ಲಿ ಬೇವು-ಬೆಲ್ಲ ಹಂಚುವುದು ರೂಢಿ, ಈ ಸಲ ಅದನ್ನು ಅಧ್ಯಕ್ಷರ ಪುಟಕ್ಕೆ ಬಿಟ್ಟಿದ್ದೇವೆ. ಕನ್ನಡ ತರಗತಿಯಲ್ಲಿ ತರಕಾರಿ ಹೆಸರುಗಳ ಪಾಠ ನಡೆಯುವಾಗ ಮಗುವೊಂದು ಕೇಳಿತಂತೆ: "ಬಸಳೆಗೆ ಬೇರು ಇರುತ್ತಾ?" ಇಂಡಿಯನ್ ಅಂಗಡಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟನ್ನಷ್ಟೇ ಕಂಡ ಮಕ್ಕಳು ಇನ್ನೇನು ಕೇಳಿಯಾರು? ಬೇರನ್ನು ತೋರಿಸಿಯೇ ಬಿಡೋಣ. ಅದಕ್ಕೆ ಮಣ್ಣು ಬೇಡ, ಗೊಬ್ಬರ ಕರಗಿಸಿದ ನೀರು ತುಂಬಿದ, ಮುಚ್ಚಳವಿರುವ ಒಂದು ಬಕೆಟ್ಟು ಸಾಕು.

ಊರಿನ ಹಿತ್ತಲಲ್ಲಿ ಬಸಳೆ ಚಪ್ಪರ ಎಲ್ಲಿರುತ್ತಿತ್ತು, ನೆನಪು ಮಾಡಿಕೊಳ್ಳಿ. ಬಚ್ಚಲುಮನೆಯ ಹಿಂದೆ. ಹಂಡೆ ಒಲೆಯ ಬೂದಿ ಅದರ ಬುಡಕ್ಕೆ, ಮಿಂದ ನೀರು ಪುಟ್ಟ ಕಣಿಯಲ್ಲಿ ಹರಿದು ಅದರ ಬುಡಕ್ಕೇ. ಅಡಿಕೆ ದಬ್ಬೆಯ ಚಪ್ಪರ, ಅದರಾಚೆ ಬಾಳೆ, ಇನ್ನೂ ಕೆಳಗೆ ನೀರು ನಿಲ್ಲುವ ಕಡೆ ಕೆಸು. ಹಲಸಿನ ಬೀಜ ಹಾಕಿ ಬಸಳೆ ಹುಳಿ ಮಾಡುವ ದಿನ ಒಂದು ಕೈಯಲ್ಲಿ ಚಪ್ಪರ ತಗ್ಗಿಸಿ ಇನ್ನೊಂದು ಕೈಯಲ್ಲಿ ದಂಟು ಮುರಿಯುವುದು. ಕೆಳಗೆ ನಿಂತ ಮಕ್ಕಳ ಅಂಗಿಗೆ ಹಣ್ಣಿನ ನೇರಳೆ ಬಣ್ಣ, ಅದಕ್ಕೆ ಬೈಗುಳ. ಯಾರೂ ನಕ್ಷೆ ಬರೆದು ನೆಟ್ಟದ್ದಲ್ಲ, ಆದರೂ ಕೆಸು ನೀರು ನಿಂತಲ್ಲಿ, ಬಸಳೆ ನೀರು ಹರಿದು ಹೋಗುವಲ್ಲಿ. ಕೆಸುವಿನ ದಂಟಿನೊಳಗೆ ಗಾಳಿ ಓಡಾಡುವ ಟೊಳ್ಳುಗಳಿವೆ, ಎಲೆಯಿಂದ ಬೇರಿನ ತನಕ ಗಾಳಿ ಇಳಿಯುತ್ತದೆ. ಬಸಳೆಗೆ ಆ ಅನುಕೂಲ ಇಲ್ಲ. ಬೆಳಿಗ್ಗೆಯ ನೀರು ಮಧ್ಯಾಹ್ನಕ್ಕೆ ಇಂಗಿ, ಆ ಜಾಗಕ್ಕೆ ಗಾಳಿ ಬಂದರೆ ಮಾತ್ರ ಅದರ ಬೇರು ಉಸಿರಾಡುತ್ತದೆ.

ಬಕೆಟ್ಟಿನಲ್ಲಿ ಬೆಳೆಸಲು ಹೊರಟು ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ. ಗೊಬ್ಬರ ಸರಿ ಇರುತ್ತದೆ, ನೀರು ತುಂಬಿ ತುಳುಕುತ್ತಿರುತ್ತದೆ, ಬೇರು ಉಸಿರುಕಟ್ಟಿ ಸಾಯುತ್ತದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ, ಪಂಪು-ಕರೆಂಟು ಯಾವುದೂ ಬೇಡದ ವಿಧಾನ ನಿಂತಿರುವುದೇ ಈ ಗಾಳಿಯ ಮೇಲೆ. ಗಿಡ ಕುಡಿದಂತೆ ನೀರು ಇಳಿಯುತ್ತದೆ. ಮೇಲೆ ಖಾಲಿಯಾದ ಜಾಗದ ತೇವದ ಗಾಳಿಯಲ್ಲಿ ಕವಲೊಡೆದ ಬೇರುಗಳು ಉಸಿರಾಟಕ್ಕೆ, ಕೆಳಗೆ ಮುಳುಗಿದ ಬೇರುಗಳು ನೀರಿಗೆ. ಆ ಖಾಲಿ ಜಾಗವನ್ನು ಅಕ್ಕರೆಯಿಂದ ಮತ್ತೆ ಅಂಚಿನ ತನಕ ತುಂಬಿಸಿದಿರೋ, ಗಾಳಿಗೆ ಒಗ್ಗಿದ ಬೇರು ಮುಳುಗಿ ಗಿಡ ಸೊರಗುತ್ತದೆ.

ಈಗ ಕೆಲಸ. ಹಾರ್ಡ್‌ವೇರ್ ಅಂಗಡಿಯ 5 ಗ್ಯಾಲನ್ (19 ಲೀಟರ್) ಬಕೆಟ್ಟು, ಆಹಾರಕ್ಕೆ ಬಳಸಬಹುದಾದ ಪ್ಲಾಸ್ಟಿಕ್ಕಿನದು. ಒಂದು ಬಕೆಟ್ಟಿಗೆ ಒಂದೇ ಬಸಳೆ. ಮುಚ್ಚಳದ ನಡುವೆ 3 ಇಂಚಿನ ಜಾಲರಿ ಕಪ್ಪು (ಗಿಡ ನಿಲ್ಲಿಸುವ, ಮೈತುಂಬ ತೂತಿರುವ ಪ್ಲಾಸ್ಟಿಕ್ ಲೋಟ) ಕೂರುವಷ್ಟು ತೂತು. ಕಪ್ಪುಗಳ ಅಳತೆ ಒಂದೊಂದು ಕಂಪನಿಯದು ಒಂದೊಂದು ರೀತಿ, ಆದ್ದರಿಂದ ಮೊದಲು ರಟ್ಟಿನಲ್ಲಿ ಕೊರೆದು ನೋಡಿ. ಅಂಚು ಮೇಲೆ ನಿಲ್ಲಬೇಕು, ಕಪ್ಪು ಒಳಗೆ ಬೀಳಬಾರದು. ಬಕೆಟ್ಟಿನ ಪಕ್ಕದಲ್ಲಿ, ಮುಚ್ಚಳದಿಂದ 6-7 ಸೆಂ.ಮೀ. ಕೆಳಗೆ ಇನ್ನೊಂದು ಸಣ್ಣ ತೂತು. ಇದನ್ನು ಯಾರೂ ಮಾಡುವುದಿಲ್ಲ, ಹಿತ್ತಲಲ್ಲಿ ಇದೇ ಮುಖ್ಯ: ಜೋರು ಮಳೆ ಬಂದಾಗ ಹೆಚ್ಚಿನ ನೀರು ಹೊರಗೆ ಹೋಗಬೇಕು. ಆ ತೂತಿಗೆ ಸೊಳ್ಳೆಪರದೆಯ ತುಂಡು ಅಂಟಿಸಿ, ಕಪ್ಪಿನ ಸುತ್ತ ಸಂದು ಬಿಡಬೇಡಿ. ನಿಂತ ನೀರು ಅಂದರೆ ಸೊಳ್ಳೆ.

ಬಕೆಟ್ಟಿನೊಳಗೆ ಬೆಳಕು ಹೋಗಬಾರದು. ರಾತ್ರಿ ಟಾರ್ಚು ಹಚ್ಚಿ ಒಳಗಿಟ್ಟು ಮುಚ್ಚಿ ನೋಡಿ. ಹೊರಗೆ ಮಿಣುಕು ಕಂಡರೆ ಎರಡು ವಾರದಲ್ಲಿ ಒಳಗೆಲ್ಲ ಪಾಚಿ. ಹೊರಗಡೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಬಿಸಿಲನ್ನು. ಜುಲೈಯಲ್ಲಿ ಬರೀ ಕಪ್ಪು ಬಕೆಟ್ಟು ಬಿಸಿಲಿಗಿಟ್ಟರೆ ಬೇರಿನ ಸ್ನಾನಕ್ಕೆ ಹಂಡೆ ನೀರೇ! ನೀರು 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30ಕ್ಕೆ ಏರಿದರೆ ಏಳೂವರೆ. ಬೇರು ಕೊಳೆಸುವ ಪಿಥಿಯಂ ಎಂಬ ಸೂಕ್ಷ್ಮಜೀವಿಗೆ ಆ ಶೆಕೆಯೇ ಹಬ್ಬ. ಒಳ್ಳೆಯ ಬೇರು ಬೆಳ್ಳಗಿರುತ್ತದೆ. ಕಂದಾಗಿ ಲೋಳೆಯಾಗಿ ನಾತ ಬಂದರೆ ಗಿಡ ತೆಗೆದು, ಬಕೆಟ್ಟು ಬ್ಲೀಚಿನಲ್ಲಿ ತೊಳೆದು ಹೊಸದಾಗಿ ಶುರುಮಾಡುವುದೇ ಲೇಸು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಗೋಡೆ ಬದಿ ಹುಡುಕಿ. ಬಕೆಟ್ಟನ್ನು ಅರ್ಧ ಮಣ್ಣಲ್ಲಿ ಹೂತರೂ ಆದೀತು.

ಗೊಬ್ಬರದ ಪ್ರಮಾಣ ಕೇಳಿ ಬರುವ ವಾಟ್ಸಾಪ್‌ಗಳಿಗೆಲ್ಲ ಇಲ್ಲೇ ಉತ್ತರ. 19 ಲೀಟರಿಗೆ ಮಾಸ್ಟರ್‌ಬ್ಲೆಂಡ್ 4-18-38 (ನೀರಿನಲ್ಲಿ ಕರಗುವ ಪುಡಿ ಗೊಬ್ಬರ; ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷಿನ ಪ್ರಮಾಣ) 12 ಗ್ರಾಂ, ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್, ಸುವಾಸನೆ ಬೆರೆಸದ್ದು) 6 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 12 ಗ್ರಾಂ. ಇದೇ ಕ್ರಮದಲ್ಲಿ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು, ಕ್ಯಾಲ್ಸಿಯಂ ಕೊನೆಯಲ್ಲಿ. ಮೂರನ್ನೂ ಒಂದು ಲೋಟದಲ್ಲಿ ಗಟ್ಟಿಯಾಗಿ ಕದಡಿದರೆ ಕ್ಯಾಲ್ಸಿಯಂ ಹೋಗಿ ಸಲ್ಫೇಟು, ಫಾಸ್ಫೇಟುಗಳನ್ನು ಹಿಡಿದು ಬಿಳಿ ಗಸಿಯಾಗಿ ತಳ ಸೇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಎಳೆ ಸಸಿಗೆ ಇದರ ಅರ್ಧ. ಚಮಚದ ಲೆಕ್ಕ ಬೇಡ, ಗ್ರಾಂ ತೋರಿಸುವ ತಕ್ಕಡಿ ಇರಲಿ. ಯೂರಿಯಾ ಹಾಕಬಹುದಾ? ಬೇಡ, ಅದನ್ನು ನೈಟ್ರೇಟ್ ಮಾಡಿಕೊಡುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಧಾರಾಳ, ಹೊಸ ಬಕೆಟ್ಟಿನಲ್ಲಿ ಇಲ್ಲ. ಜೀವಾಮೃತ? ಹೊಲಕ್ಕೆ ಇರಲಿ. ಮುಚ್ಚಿದ ನೀರಿನಲ್ಲಿ ಸಗಣಿ-ಬೆಲ್ಲ ಕೊಳೆತು ಇದ್ದಬದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ.

ಗೊಬ್ಬರ ಬೆರೆಸಿದ ಮೇಲೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡಿ, 5.5ರಿಂದ 6.5ರೊಳಗೆ ಇರಬೇಕು. ನಮ್ಮ ಕಡೆಯ ಗಡಸು ನೀರಿನಲ್ಲಿ ಅದು ಮೇಲೆಯೇ ನಿಲ್ಲುತ್ತದೆ. ಆಗ ಗಿಡಕ್ಕೆ ಕಬ್ಬಿಣ ದಕ್ಕದೆ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಇಳಿಸಲು ಫಾಸ್ಫಾರಿಕ್ ಆಮ್ಲದ 'ಪಿಎಚ್ ಡೌನ್' ಹನಿಹನಿಯಾಗಿ. ನಿಂಬೆರಸ ಹಾಕಿದರೆ ಕೆಲವೇ ದಿನದಲ್ಲಿ ಪಿಎಚ್ ಮತ್ತೆ ಮೇಲೆ. ಮನೆಯಲ್ಲಿ ನೀರಿನ ಗಡಸು ತೆಗೆಯುವ ವಾಟರ್ ಸಾಫ್ಟ್‌ನರ್ ಇದ್ದರೆ ಅದರ ನೀರಿನಲ್ಲಿ ಸೋಡಿಯಂ ಇರುತ್ತದೆ, ಸಾಫ್ಟ್‌ನರ್‌ಗೆ ಮೊದಲಿನ ನಲ್ಲಿಯಿಂದ ಹಿಡಿಯಿರಿ.

ಬಸಳೆಗೆ ಬೀಜವೇ ಬೇಕೆಂದಿಲ್ಲ. ಅಂಗಡಿಯ ಕಟ್ಟಿನಲ್ಲಿ ಗಟ್ಟಿ ದಂಟು ಆರಿಸಿ, ಕೆಳಗಿನ ಎರಡು ಗಿಣ್ಣಿನ ಎಲೆ ತೆಗೆದು ಲೋಟದ ನೀರಿಗೆ ಹಾಕಿದರೆ ವಾರ ಹತ್ತು ದಿನದಲ್ಲಿ ಬೇರು. ಕಪ್ಪಿನಲ್ಲಿ ತೊಳೆದ ತೆಂಗಿನ ನಾರಿನ ಪುಡಿ ತುಂಬಿ (ತೊಳೆಯದಿದ್ದರೆ ಉಪ್ಪಿರುತ್ತದೆ) ನೆಡಿ. ಕಪ್ಪಿನ ತಳ 1 ಸೆಂ.ಮೀ.ನಷ್ಟು ಮಾತ್ರ ನೀರಿಗೆ ತಾಗಲಿ. ಪಕ್ಕದ ತೂತು ಈ ನೀರಿನ ಮಟ್ಟಕ್ಕಿಂತ ಕೆಳಗೆ ಬಿತ್ತೋ, ಬೇರು ಇಳಿಯುವ ತನಕ ಅದಕ್ಕೆ ಟೇಪು. ಮೇ ಮಧ್ಯದ ತನಕ ಹೊರಗಿಡಬೇಡಿ, ಒಂದು ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿದರೆ ಬಸಳೆ ಮುಗಿಯಿತು. ಬಳ್ಳಿ ಏರಿದ ಮೇಲೆ ವಾರಕ್ಕೆರಡು ಸಲ ಮುಚ್ಚಳ ಎತ್ತಿ ನೋಡಿ. ನೀರು ಕಾಲು ಬಕೆಟ್ಟಿಗೆ ಇಳಿದಾಗ ಅರ್ಧದ ತನಕ ಮಾತ್ರ ತುಂಬಿಸಿ, ಅದೂ ಅರ್ಧ ಗೊಬ್ಬರದ ನೀರು. ಬೇಸಿಗೆಯಲ್ಲಿ ಗಿಡ ಗೊಬ್ಬರದ ಉಪ್ಪಿಗಿಂತ ನೀರನ್ನೇ ಹೆಚ್ಚು ಕುಡಿಯುವುದರಿಂದ ಉಳಿದದ್ದು ಗಟ್ಟಿಯಾಗುತ್ತಾ ಹೋಗುತ್ತದೆ. ಹರಿವೆಗೂ ಶೆಕೆ ಇಷ್ಟ. ಕೊತ್ತಂಬರಿ, ಪಾಲಕ್ ಏಪ್ರಿಲ್‌ನಲ್ಲೋ ಸೆಪ್ಟೆಂಬರ್‌ನಲ್ಲೋ. ಜುಲೈಯಲ್ಲಿ ಕೊತ್ತಂಬರಿ ಹೂಬಿಟ್ಟು ನಿಮ್ಮನ್ನು ಅಣಕಿಸುತ್ತದೆ.

ಮೀನು ಸಾಕಿ ಆ ನೀರಲ್ಲಿ ಗಿಡ ಬೆಳೆಸುವ ಆಸೆಯವರಿಗೆ: ಮೊದಲ ಬೇಸಿಗೆ ಬೇಡ. ಮೀನಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು 4-6 ವಾರ ಬೇಕು, ಅಲ್ಲಿಯ ತನಕ ಮೀನು ಬಿಟ್ಟರೆ ಅದು ವಿಷದಲ್ಲೇ ಈಜಬೇಕು. ಕ್ರಿಮಿ ಕೊಲ್ಲಲು ನಲ್ಲಿ ನೀರಿಗೆ ಹಾಕುವ ಕ್ಲೋರಮಿನ್ ಮೀನಿಗೂ ಆಗದು, ಒಂದು ರಾತ್ರಿ ಇಟ್ಟರೆ ಹೋಗುವುದೂ ಇಲ್ಲ. ತಿಲಾಪಿಯಾ ಮೀನು ಸಾಕಲು ಕೆಲವು ರಾಜ್ಯಗಳಲ್ಲಿ ಪರವಾನಗಿಯೂ ಬೇಕು.

ಪ್ರಕಟಣೆಗಳು, ಜಾಗ ಇಲ್ಲದ್ದರಿಂದ ಇಲ್ಲೇ: ಯುಗಾದಿ ಊಟ ಮಾರ್ಚ್ ಕೊನೆಯ ಶನಿವಾರ 11ಕ್ಕೆ, ಹೋಳಿಗೆ ಲೆಕ್ಕ ಬುಧವಾರದೊಳಗೆ ಹೇಳಿ. ಮಕ್ಕಳ ನಾಟಕದ ತಾಲೀಮು ಭಾನುವಾರ ಮೂರಕ್ಕೆ, ದಯವಿಟ್ಟು ಮೂರಕ್ಕೇ. ಸದಸ್ಯತ್ವ ನವೀಕರಿಸದವರು ನಿಮಗೇ ಗೊತ್ತು. ಬಕೆಟ್ಟು ಕೊರೆಯುವ ಕಾರ್ಯಾಗಾರ ಏಪ್ರಿಲ್ ಎರಡನೆಯ ಶನಿವಾರ. ಬಕೆಟ್ಟು ನಿಮ್ಮದು, ಡ್ರಿಲ್ ನಮ್ಮದು. ಚಿಕ್ಕ ಮಕ್ಕಳ ತರಗತಿಯ ಮೇಷ್ಟ್ರು ಜೂನ್‌ನಲ್ಲಿ ಊರಿಗೇ ವಾಪಸ್ಸು ಹೋಗುತ್ತಿದ್ದಾರೆ, ಅವರ ಜಾಗಕ್ಕೆ ಯಾರಾದರೂ ಬನ್ನಿ. ಈ ಪತ್ರಿಕೆಗೂ ಕರಡು ತಿದ್ದುವ ಇನ್ನೊಂದು ಜೊತೆ ಕಣ್ಣು ಬೇಕು. ತಿಂಗಳಿಗೆ ಒಂದು ಸಂಜೆ, ಅಷ್ಟೇ.

ಬೇಸಿಗೆ ರಜೆಗೆ ಊರಿಗೆ ಹೊರಟವರೇ, ತಿಂಗಳುಗಟ್ಟಲೆ ಬಕೆಟ್ಟು ತಾನಾಗಿ ನಡೆಯದು. ಪಕ್ಕದ ಮನೆಯವರಿಗೆ ಅರ್ಧದ ಗುರುತು ಹಾಕಿ ತೋರಿಸಿ ಹೋಗಿ. ಬರುವಾಗ ಅಮ್ಮ ಕಟ್ಟಿಕೊಟ್ಟ ಬಿತ್ತನೆ ಬೀಜವನ್ನು ಸುಮ್ಮನೆ ಚೀಲದೊಳಗೆ ತುರುಕಬೇಡಿ, ಅದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ವಿಮಾನ ನಿಲ್ದಾಣದಲ್ಲಿ ಹೇಳಲೂ ಬೇಕು. ಹಸಿ ಕರಿಬೇವಂತೂ ಬೇಡವೇ ಬೇಡ: ಕಿತ್ತಳೆ-ನಿಂಬೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಕೀಟ ಆ ಎಲೆಯ ಮೇಲೆ ಬದುಕುತ್ತದೆ. ಬಸಳೆ ಬೀಜ ಇಲ್ಲೇ 'ಮಲಬಾರ್ ಸ್ಪಿನಾಚ್' ಎಂಬ ಹೆಸರಲ್ಲಿ ಸಿಗುತ್ತದೆ.