ಗೇಮ್ ಕೋಣೆ ಇನ್ನು ಟ್ರಯಲ್ ರೂಮ್: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ದಾವಣಗೆರೆ ಚೌಕಿಪೇಟೆಯ ನಮ್ಮ ಯೂನಿಫಾರ್ಮ್ ಅಂಗಡಿಯ ಹಿಂದಿನ ಕೋಣೆಗೆ ಈ ಯುಗಾದಿಯಿಂದ ಬೇರೆ ಕೆಲಸ. ಅಲ್ಲಿ ಭಾನುವಾರದ ವಿಡಿಯೋ ಗೇಮ್ ಬಾಡಿಗೆ ನಿಂತಿದೆ. ಆ ಜಾಗ ಈಗ ಹೆಣ್ಣುಮಕ್ಕಳ ಟ್ರಯಲ್ ರೂಮ್. ಬಾಗಿಲಿಗೆ ಒಳಗಿನಿಂದ ಚಿಲಕ ಇದೆ, ಆಳೆತ್ತರದ ಕನ್ನಡಿ ಇದೆ. ಅಳತೆ ತೆಗೆಯಲು ನಾನಿರುತ್ತೇನೆ, ನಾನಿಲ್ಲದಾಗ ನಮ್ಮ ಹೊಲಿಗೆ ಅಕ್ಕ ಇರುತ್ತಾರೆ.

ಬೋರ್ಡ್ ಹಾಕಿದ ದಿನದಿಂದ ಫೋನು ನಿಂತಿಲ್ಲ. ಯೂನಿಫಾರ್ಮ್ ಬಗ್ಗೆ ಕೇಳಿದವರು ಕಡಿಮೆ. ಎಲ್ಲರದೂ ಗೇಮಿನ ಚಿಂತೆ. "ಏನ್ರಿ ಅಕ್ಕಾ, ನಮ್ ಬಾಲ್ಯಾನೇ ಎತ್ತಿ ಹೊರಗೆ ಹಾಕ್ತೀರಾ?" ಅಂದರು ಒಬ್ಬರು. ಅವರಿಗೆ ಇಬ್ಬರು ಮಕ್ಕಳು, ಅರ್ಧ ತಲೆ ನರೆತಿದೆ. ಇನ್ನೊಬ್ಬರು ಬೆಂಗಳೂರಿನಿಂದ ಫೋನ್ ಮಾಡಿ, ಊರಿಗೆ ಬಂದರೆ ಬೆಣ್ಣೆ ದೋಸೆ ಬಿಟ್ಟರೆ ನಿಮ್ಮ ಕೋಣೆಯೇ ಇತ್ತಲ್ರೀ ಅಂತ ಬೇಜಾರು ಮಾಡಿಕೊಂಡರು. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಹಳಬರಿಗೆ ಗೊತ್ತಿದೆ, ಹೊಸಬರಿಗಾಗಿ ಹೇಳುತ್ತೇನೆ. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ಬಾಗಿಲು ಹಾಕಿತು. ಕೈಗೆ ಬಂದ ದುಡ್ಡಿನಲ್ಲಿ ಅಪ್ಪ ಎರಡು ಹೊಲಿಗೆ ಮಷಿನ್ ತಂದರು. ಮಳೆಗಾಲ ಮುಗಿದ ಮೇಲೆ ಯೂನಿಫಾರ್ಮ್ ಹೊಲಿಸುವವರು ಯಾರು? ಶಾಲೆ ಶುರುವಾಗುವ ಹೊತ್ತಿಗೆ ಮೂರು ತಿಂಗಳು ಉಸಿರಾಡಲು ಬಿಡುವಿಲ್ಲ, ಆಮೇಲೆ ನೊಣ ಹೊಡೆಯುವ ಕೆಲಸ. ಹಾಗಾಗಿ 1993ರಲ್ಲಿ ಹಿಂದಿನ ಕೋಣೆಗೆ ಎರಡು ಟಿವಿ, ಸಮುರಾಯ್ ಅನ್ನುವ ಎರಡು ಗೇಮ್ ಯಂತ್ರ ಬಂದವು. ಅರ್ಧ ಗಂಟೆಗೆ ಮೂರು ರೂಪಾಯಿ. ಅದು ಜಪಾನಿನಲ್ಲಿ ನಿಂಟೆಂಡೋದವರು 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲು ಅಂತ ನಮಗೆ ಆಗ ಎಲ್ಲಿ ಗೊತ್ತು? ನಮಗೆ ಅದು ಟಿವಿ ಗೇಮ್, ಅದರ ಕಾರ್ಟ್ರಿಜ್ ಕ್ಯಾಸೆಟ್, ಕೈಯಲ್ಲಿ ಹಿಡಿಯುವುದು ರಿಮೋಟ್. ಕ್ಯಾಸೆಟ್ ಮೇಲೆ "9999 ಗೇಮ್" ಅಂತ ಬರೆದಿರುತ್ತಿತ್ತು. ಒಳಗೆ ಇದ್ದದ್ದು ಹತ್ತೋ ಹನ್ನೆರಡೋ. ಅವೇ ಬೇರೆ ಬೇರೆ ಸ್ಟೇಜಿನಿಂದ ಶುರುವಾಗಿ, ಬೇರೆ ಬೇರೆ ನಂಬರ್ ಹಾಕಿಕೊಂಡು ಕೂತಿರುತ್ತಿದ್ದವು. ಈ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಆದರೂ 5000 ದಾಟಿದ ಮೇಲೆ ಏನೋ ಹೊಸದು ಇರಬಹುದು ಅಂತ ಬೆರಳು ಸವೆಯುವವರೆಗೆ ಒತ್ತುತ್ತಿದ್ದ ಹುಡುಗರನ್ನು ನಾನು ನೋಡಿದ್ದೇನೆ.

ಕಾಂಟ್ರಾ ಅನ್ನುವ ಗುಂಡು ಹಾರಿಸುವ ಗೇಮಿಗೆ ಜೋಡಿ ಇದ್ದರೇ ಮಜಾ. ಅದರ ಹೀರೋಗಳಲ್ಲಿ ಒಬ್ಬನಿಗೆ ನೀಲಿ ಪ್ಯಾಂಟು, ಇನ್ನೊಬ್ಬನಿಗೆ ಕೆಂಪು, ಇಬ್ಬರಿಗೂ ಮೈ ಮೇಲೆ ಅಂಗಿಯೇ ಇಲ್ಲ. (ಯೂನಿಫಾರ್ಮ್ ಅಂಗಡಿಯ ಹಿಂದೆ ಇಂಥವರು, ಅಂತ ಅಪ್ಪ ನಗುತ್ತಿದ್ದರು.) ಶುರುವಿನಲ್ಲೇ ರಿಮೋಟಿನ ಬಟನ್ ಹೀಗೆ ಒತ್ತಬೇಕು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಸ್ಟಾರ್ಟ್. ಮೂರು ಲೈಫ್ ಇದ್ದದ್ದು ಮೂವತ್ತಾಗುತ್ತಿತ್ತು. ಮಗ್ಗಿ ಬಾರದ ಹುಡುಗನಿಗೂ ಇದು ಬಾಯಿಪಾಠ. ಇದನ್ನು ಮೊದಲು ಇಟ್ಟವರು ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ. 1986ರಲ್ಲಿ ಗ್ರೇಡಿಯಸ್ ಅನ್ನುವ ಗೇಮನ್ನು ಮನೆಯ ಯಂತ್ರಕ್ಕೆ ಹೊಂದಿಸುವಾಗ, ಅದು ಅವರಿಗೇ ಆಡಲು ಕಷ್ಟವಾಯಿತಂತೆ. ಪರೀಕ್ಷೆ ಮಾಡಿ ನೋಡಲು ಸುಲಭವಾಗಲಿ ಅಂತ ಮಾಡಿಕೊಂಡ ಒಳದಾರಿ ಅದು. ಗೇಮ್ ಮಾಡಿದವರಿಗೇ ಆಡಲು ಬರುತ್ತಿರಲಿಲ್ಲ ಅಂದಮೇಲೆ ನಮ್ಮ ಹುಡುಗರ ತಪ್ಪೇನು, ಅಲ್ವಾ?

ನನಗೆ ಇಷ್ಟ ಮಾರಿಯೋ. ಅದಕ್ಕೆ ಕಾರಣವೂ ಹೊಲಿಗೆಯವರದೇ. 1981ರಲ್ಲಿ ನಿಂಟೆಂಡೋದ ಶಿಗೆರು ಮಿಯಾಮೊಟೊ ಅವನನ್ನು ಬಿಡಿಸುವಾಗ ಸಿಕ್ಕಿದ್ದು ಎಣಿಸಿ ಇಡಬೇಕಾದಷ್ಟು ಚುಕ್ಕೆ ಮಾತ್ರ. ಕೂದಲು ಬಿಡಿಸುವುದು ಕಷ್ಟ, ಟೋಪಿ ಹಾಕಿದರು. ಬಾಯಿ ಕಾಣಿಸುವುದಿಲ್ಲ, ಮೀಸೆ ಇಟ್ಟರು. ಓಡುವಾಗ ಕೈ ಆಡುವುದು ಕಾಣಲಿ ಅಂತ ಅಂಗಿಗೆ ಒಂದು ಬಣ್ಣ, ಮೇಲಿನ ಓವರಾಲ್‌ಗೆ ಇನ್ನೊಂದು. ಅಂದರೆ ಆ ಉಡುಪನ್ನು ಯಾರೂ ಶಿಸ್ತಿಗೆ ಅಂತ ಹೊಲಿಯಲಿಲ್ಲ. ಅವನು ಓಡಬೇಕಿತ್ತು, ಓಡುವುದು ಕಾಣಬೇಕಿತ್ತು. 1985ರ ಸೂಪರ್ ಮಾರಿಯೋದಲ್ಲಿ ಮೇಲಿನ ಮೋಡ, ಕೆಳಗಿನ ಪೊದೆ ಎರಡೂ ಒಂದೇ ಚಿತ್ರ. ಒಂದಕ್ಕೆ ಬಿಳಿ, ಒಂದಕ್ಕೆ ಹಸಿರು. ಜಾಗ ಉಳಿಸಲು ಮಾಡಿದ್ದು. ಇದು ತಿಳಿದಾಗ ನಾನು ಅಣ್ಣನಿಗೆ ಹೇಳಿದೆ, "ನೋಡು, ನಾವು ಮಾಡೋದೂ ಇದೇ. ಒಂದೇ ಕಟಿಂಗ್, ಮೂರು ಶಾಲೆಗೆ ಮೂರು ಬಣ್ಣ."

ಇಷ್ಟೆಲ್ಲ ಗೊತ್ತಿರುವ ನನಗೆ ಆ ಕೋಣೆಯಲ್ಲಿ ಆಡಲು ಸಿಕ್ಕಿದ್ದು ಎಷ್ಟು ಅಂತ ಕೇಳಿ. ನನ್ನ ಕೆಲಸ ಬಾಗಿಲ ಹತ್ತಿರ ಕೂತು ಅಲಾರಾಂ ಗಡಿಯಾರ ನೋಡುವುದು. ಅರ್ಧ ಗಂಟೆ ಆದ ತಕ್ಷಣ "ಟೈಮ್ ಆಯ್ತು" ಅಂತ ಕೂಗುವುದು. ಹುಡುಗಿಯರು ಆ ಕೋಣೆಗೆ ಬರುತ್ತಿರಲಿಲ್ಲ. ಬರಬೇಡಿ ಅಂತ ಬೋರ್ಡೇನೂ ಇರಲಿಲ್ಲ, ಸುಮ್ನೆ ಬರುತ್ತಿರಲಿಲ್ಲ. ರಾತ್ರಿ ಷಟರ್ ಇಳಿಸಿದ ಮೇಲೆ ಅಣ್ಣ ಲೆಕ್ಕ ಬರೆಯುವ ಹೊತ್ತಿನಲ್ಲಿ ನನಗೆ ಹತ್ತು ನಿಮಿಷ. ಮಾರಿಯೋದ ನಾಲ್ಕನೇ ಲೋಕವನ್ನು ನಾನು ನೋಡಿದ್ದು ಮದುವೆಯಾದ ಮೇಲೆ. "ಆ ಕಾಲ ಎಷ್ಟು ಚೆನ್ನಾಗಿತ್ತು ಅಕ್ಕಾ" ಅಂತ ನೀವು ಅಂದಾಗ ನಾನು ಹೂಂ ಅನ್ನುತ್ತೇನೆ. ಚೆನ್ನಾಗಿದ್ದದ್ದು ನಿಜ. ನಾನು ಇದ್ದದ್ದು ಹೊಸ್ತಿಲ ಮೇಲೆ, ಅಷ್ಟೇ.

ಈಗ ಕಳೆದ ಮೇ ತಿಂಗಳ ಒಂದು ಭಾನುವಾರದ ವಿಷಯ. ಅಂಗಡಿ ತುಂಬ ಜನ. ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ತಾಯಿ ಕರೆತಂದಿದ್ದರು. ರಜೆಯ ಸ್ಪೆಷಲ್ ಕ್ಲಾಸಿನಲ್ಲಿ ಟಾಪಿನ ಉದ್ದ ಸಾಲದು ಅಂತ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ದರಂತೆ. ಆರು ತಿಂಗಳ ಹಿಂದೆ ನಾವೇ ಹೊಲಿದ ಬಟ್ಟೆ. ಮಗು ಬೆಳೆದಿತ್ತು, ಮತ್ತೇನಿಲ್ಲ. ಕೌಂಟರ್ ಮುಂದೆ, ಹತ್ತು ಜನರ ನಡುವೆ, ಟೇಪು ಹಿಡಿದು "ತಿರುಗಮ್ಮ, ಕೈ ಎತ್ತಮ್ಮ" ಅಂದೆ. ಅವಳು ತಿರುಗಲಿಲ್ಲ. ಚೀಲ ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಶಾಲೆಯಲ್ಲಿ ಒಮ್ಮೆ ಎಲ್ಲರೆದುರು ಅಳೆಸಿಕೊಂಡು ಬಂದವಳು ಇಲ್ಲಿ ಮತ್ತೆ ಅದನ್ನೇ ಮಾಡಿಸಿಕೊಳ್ಳಬೇಕೇ? "ಒಳಗೆ ಜಾಗ ಇಲ್ವಾ ಅಕ್ಕಾ?" ಅಂದರು ಅವರ ತಾಯಿ, ಮೆಲ್ಲಗೆ. ಒಳಗೆ ಜಾಗ ಇತ್ತು. ಅಲ್ಲಿ ನಲವತ್ತು ದಾಟಿದ ನಾಲ್ವರು, ಗಂಟೆಗೆ ಅರವತ್ತು ರೂಪಾಯಿ ಕೊಟ್ಟು, "ಹೊಡಿಯೋ, ಹೊಡಿಯೋ" ಅಂತ ಕೂಗುತ್ತಿದ್ದರು.

ಆ ನಾಲ್ವರ ಮೇಲೆ ಸಿಟ್ಟಿಲ್ಲ. ಅವರಲ್ಲಿ ಒಬ್ಬರ ಮಗಳ ಪಿನಾಫೋರ್ ಅದೇ ಹೊತ್ತಿಗೆ ನಮ್ಮ ಮಷಿನ್ ಮೇಲೆ ಇತ್ತು. ಸಿಟ್ಟು ನಮ್ಮ ಮೇಲೆಯೇ. ಇಷ್ಟು ವರ್ಷ ಹೆಣ್ಣುಮಕ್ಕಳ ಬಟ್ಟೆ ಹೊಲಿದು ಹೊಟ್ಟೆ ಹೊರೆದವರು ಅವರಿಗೆ ಒಂದು ಬಾಗಿಲು, ಒಂದು ಚಿಲಕ ಕೊಟ್ಟಿರಲಿಲ್ಲ.

ಕೋಣೆಯ ಜೊತೆಗೆ ಇನ್ನೂ ಕೆಲವು ಬದಲಾವಣೆ ಇವೆ. ಇನ್ನು ಮೇಲೆ ಉದ್ದ, ತೋಳು, ಪ್ಯಾಂಟಿನ ಬಾಟಮ್ ಬಗ್ಗೆ ಶಾಲೆ ಕೊಟ್ಟ ಕಾಗದ ತನ್ನಿ, ಇಲ್ಲವೇ ಅದರ ಫೋಟೋ ತೋರಿಸಿ. ಕಾಗದದಲ್ಲಿ ಇದ್ದಷ್ಟೇ ಹೊಲಿಯುತ್ತೇವೆ. "ಮೇಡಂ ಹಾಗಂದ್ರು, ಪಕ್ಕದ ಮನೆಯವರು ಹೀಗಂದ್ರು" ಅನ್ನುವ ಲೆಕ್ಕದಲ್ಲಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಸಾಕಾಗಿದೆ. ಎಲ್ಲ ಬಟ್ಟೆಯಲ್ಲೂ ಅಂಚಿಗೆ ಮೂರು ಇಂಚು, ಪಕ್ಕಕ್ಕೆ ಒಂದು ಇಂಚು ಒಳಗೆ ಮಡಚಿ ಬಿಡುತ್ತೇವೆ. ಮಗು ಬೆಳೆದಂತೆ ವರ್ಷಕ್ಕೆ ಎರಡು ಸಲ ಬಿಚ್ಚಿ ಕೊಡುವುದು ಉಚಿತ. ಹುಡುಗಿಯರ ಟಾಪಿಗೆ, ಪಿನಾಫೋರಿಗೆ ಪಕ್ಕದ ಜೇಬು ಇರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ನಾನು ನೋಡಿದ ಯಾವ ಶಾಲೆಯ ಕಾಗದದಲ್ಲೂ ಜೇಬು ಬೇಡ ಅಂತ ಇಲ್ಲ. ನಾವೇ ಇಷ್ಟು ದಿನ ಇಡುತ್ತಿರಲಿಲ್ಲ. ಇನ್ನು ಹತ್ತನೇ ಕ್ಲಾಸಿನ ಗಂಡುಮಕ್ಕಳೇ, ಬಾಟಮ್ ಹದಿನಾಲ್ಕು ಇಂಚಿಗಿಂತ ಕಡಿಮೆ ಮಾಡುವುದಿಲ್ಲ. ಅಪ್ಪನಿಗೆ ಗೊತ್ತಾಗದ ಹಾಗೆ ಬಂದು ಅಣ್ಣನ ಕಿವಿಯಲ್ಲಿ ಹೇಳಿದರೂ ಮಾಡುವುದಿಲ್ಲ.

ಸರ್ಕಾರಿ ಶಾಲೆಯ ಮಕ್ಕಳು ವಿದ್ಯಾವಿಕಾಸ ಯೋಜನೆಯಲ್ಲಿ ಸಿಕ್ಕ ಬಟ್ಟೆ ತಂದರೆ ಕೂಲಿ ಹಿಂದಿನ ವರ್ಷದ್ದೇ.

ಪೋಷಕರಿಗೆ ಒಂದು ಮಾತು. ಎರಡು ವರ್ಷದ ಹಿಂದೆ ಒಂದು ಶಾಲೆ ಇದ್ದಕ್ಕಿದ್ದಂತೆ ಚೆಕ್ಸ್ ಬದಲಾಯಿಸಿತು. ನಮ್ಮಲ್ಲಿ ಹಳೆಯ ಚೆಕ್ಸಿನ ಥಾನು ಥಾನು ಉಳಿಯಿತು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಒಂದೇ ವರ್ಷ ಹಾಕಿದ ಬಟ್ಟೆ ಮೂಲೆ ಸೇರಿತು. ಕರ್ನಾಟಕದ 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮ ಓದಿ. ಶಾಲೆ ಒಮ್ಮೆ ಗೊತ್ತುಮಾಡಿದ ಯೂನಿಫಾರ್ಮನ್ನು ಐದು ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸುವುದಾದರೆ ಪೋಷಕರಿಗೆ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ಬಟ್ಟೆ ಮಾರುವವರು ಇದನ್ನು ಹೇಳಬಾರದೇನೋ, ಹೊಸ ಬಟ್ಟೆ ಆದರೆ ನಮಗೇ ವ್ಯಾಪಾರ. ಆದರೂ ಹೇಳುತ್ತಿದ್ದೇನೆ. ಆ ಚೆಕ್ಸ್ ಥಾನು ಈಗಲೂ ಅಟ್ಟದ ಮೇಲಿದೆ. ಚೀಲ ಹೊಲಿಸಿಕೊಳ್ಳುವವರಿದ್ದರೆ ಬನ್ನಿ.

2022ರ ಫೆಬ್ರವರಿಯನ್ನೂ ಹೇಳದೆ ಬಿಡಲಾಗದು. ಉಡುಪಿಯಲ್ಲಿ ಶುರುವಾದ ಹಿಜಾಬ್ ವಿಚಾರ ನಮ್ಮ ಜಿಲ್ಲೆಗೂ ಬಂತು, ಹರಿಹರದಲ್ಲಿ ಗಲಾಟೆಯಾಯಿತು, ರಾಜ್ಯದಲ್ಲೆಲ್ಲ ಹೈಸ್ಕೂಲು ಕಾಲೇಜಿಗೆ ಮೂರು ದಿನ ರಜೆ ಕೊಟ್ಟರು. ಗೊತ್ತುಮಾಡಿದ ಯೂನಿಫಾರ್ಮನ್ನೇ ಹಾಕಬೇಕು ಅನ್ನುವ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಹೈಕೋರ್ಟ್ ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಆ ದಿನಗಳಲ್ಲಿ ನಮ್ಮ ಕೌಂಟರಿನ ಮುಂದೆಯೂ ಜಗಳ ಆಯಿತು. ವೇಲಿನ ಬಟ್ಟೆಗೆ ಯೂನಿಫಾರ್ಮಿನ ಬಣ್ಣ ಹೊಂದಿಸಿ ಕೊಡಿ ಅಂತ ಒಬ್ಬ ತಾಯಿ ಕೇಳುತ್ತಿದ್ದರು. ಪಕ್ಕದಲ್ಲಿದ್ದವರು ಬಾಯಿ ಹಾಕಿದರು. ಇಬ್ಬರೂ ಹತ್ತು ಹದಿನೈದು ವರ್ಷದಿಂದ ಬರುವವರು. ಅಣ್ಣ ಮಷಿನ್ ನಿಲ್ಲಿಸಿ ಇಬ್ಬರಿಗೂ ಚಾ ತರಿಸಿದ, ಏನೂ ಮಾತಾಡಲಿಲ್ಲ. ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಒಪ್ಪದ ವಿಷಯವನ್ನು ಟೇಪು ಹಿಡಿದ ನಾವು ತೀರ್ಮಾನಿಸುವುದಿಲ್ಲ. ಯಾವ ತಾಯಿ ಯಾವ ಬಣ್ಣದ ಬಟ್ಟೆ ಕೇಳಿದರೂ ಅಳೆದು ಕೊಡುತ್ತೇವೆ. ಕೌಂಟರ್ ಮುಂದೆ ಬೇರೆಯವರ ಮಗಳ ಬಟ್ಟೆಯ ಬಗ್ಗೆ ಮಾತಾಡುವವರು ದಯವಿಟ್ಟು ಹೊರಗೆ ನಿಲ್ಲಿ. ಇದೂ ಹೊಸ ನಿಯಮವೇ.

ಸರಿ, ಗೇಮಿನವರೇ, ನಿಮ್ಮ ವಿಷಯಕ್ಕೆ ಬರುತ್ತೇನೆ. ಏನನ್ನೂ ಗುಜರಿಗೆ ಹಾಕಿಲ್ಲ. ಅಂಗಡಿ ಮುಂದಿನ ಬೆಂಚಿನ ಪಕ್ಕ ಒಂದು ಟಿವಿ, ಒಂದು ಸಮುರಾಯ್ ಇಟ್ಟಿದ್ದೇವೆ. ಬಟ್ಟೆಗೆ ಕಾಯುವ ಮಕ್ಕಳು ಆಡಬಹುದು, ದುಡ್ಡಿಲ್ಲ. ಹುಡುಗಿಯರಿಗೆ ಮೊದಲ ಸರದಿ. ಇದರಲ್ಲಿ ವಾದ ಬೇಡ, ನಾನು ಮೂವತ್ತು ವರ್ಷ ಕಾದಿದ್ದೇನೆ. ದೊಡ್ಡವರು ಭಾನುವಾರ ನಾಲ್ಕರಿಂದ ಏಳು ಬನ್ನಿ. ಮೇ, ಜೂನ್ ಬಿಟ್ಟು.

ಟಿವಿ ಅದೇ 21 ಇಂಚಿನ ಡಬ್ಬಾ. ಹೊಸ ಚಪ್ಪಟೆ ಟಿವಿ ಯಾಕಿಲ್ಲ ಅಂತ ಕೇಳಿದ್ದೀರಿ. ಬಾತುಕೋಳಿ ಹೊಡೆಯುವ ಗನ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಗನ್ನಿನ ಟ್ರಿಗರ್ ಎಳೆದ ಕ್ಷಣಕ್ಕೆ ಪರದೆ ಪೂರ್ತಿ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗ ಮಾತ್ರ ಬಿಳಿ ಚೌಕವಾಗುತ್ತದೆ. ಗನ್ನಿನ ಮೂತಿಯೊಳಗಿನ ಕಣ್ಣು ಆ ಬಿಳಿ ಬೆಳಕನ್ನು ಕಂಡರೆ ಗುರಿ ತಾಗಿದ ಹಾಗೆ. ಗನ್ನಿನಿಂದ ಏನೂ ಹಾರುವುದಿಲ್ಲ, ಗನ್ನೇ ನೋಡುತ್ತದೆ. ಹೊಸ ಟಿವಿ ಚಿತ್ರ ತೋರಿಸಲು ಒಂದು ಚೂರು ತಡ ಮಾಡುತ್ತದೆ, ಅಷ್ಟರಲ್ಲಿ ಗನ್ ನೋಡಿ ಮುಗಿಸಿರುತ್ತದೆ. ಎರಡು ಡಬ್ಬಾದಲ್ಲಿ ಒಂದರ ಪಿಕ್ಚರ್ ಟ್ಯೂಬ್ ಹೋಗಿದೆ, ರಿಪೇರಿ ಮಾಡುವವರು ಸಿಗುತ್ತಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಕೆಲಸ ಮಾಡುವ ಹಳೆಯ ಟಿವಿ ಇದ್ದರೆ ತಿಳಿಸಿ. ಬದಲಿಗೆ ಒಂದು ಜೊತೆ ಯೂನಿಫಾರ್ಮ್ ಹೊಲಿದು ಕೊಡುತ್ತೇವೆ.

ಗೇಮ್ ಶುರುವಾಗದಿದ್ದರೆ ಕ್ಯಾಸೆಟ್ಟನ್ನು ದಯವಿಟ್ಟು ಊದಬೇಡಿ. ಊದಿದ್ದಕ್ಕೆ ಅದು ಸರಿಹೋಗುತ್ತಿರಲಿಲ್ಲ. ತೆಗೆದು ಮತ್ತೆ ಕೂರಿಸಿದ್ದಕ್ಕೆ ಪಿನ್ನು ಸರಿಯಾಗಿ ತಾಗುತ್ತಿತ್ತು, ಅಷ್ಟೇ. ಉಗುಳಿನ ಪಸೆಗೆ ಪಿನ್ನು ಕಿಲುಬು ಹಿಡಿಯುತ್ತದೆ. ಬೆಂಚಿನ ಮೇಲೆ ಸ್ಪಿರಿಟ್ ಮತ್ತು ಹತ್ತಿ ಕಡ್ಡಿ ಇಟ್ಟಿದ್ದೇನೆ.

ಭಾನುವಾರದ ಗೇಮ್ ಕಾರ್ಡಿಗೆ ಮುಂಗಡ ಕೊಟ್ಟವರು ಹನ್ನೊಂದು ಮಂದಿ. ಉಳಿದ ದುಡ್ಡು ವಾಪಸ್ ತೆಗೆದುಕೊಳ್ಳಿ, ಇಲ್ಲವೇ ಮಕ್ಕಳ ಹೊಲಿಗೆ ಬಿಲ್ಲಿನಲ್ಲಿ ಹಿಡಿಯುತ್ತೇವೆ. ಯೂನಿಫಾರ್ಮಿನವರು ಮೇ 10ರೊಳಗೆ ಅಳತೆ ಕೊಟ್ಟರೆ ಶಾಲೆ ಶುರುವಾಗುವ ಮೊದಲೇ ಬಟ್ಟೆ ಕೈ ಸೇರುತ್ತದೆ. ಆಮೇಲೆ ಬಂದವರಿಗೆ ಮಾತು ಕೊಡಲಾರೆವು.

ಇಂತಿ,
ಅಂಗಡಿಯ ಅಣ್ಣ ಮತ್ತು ತಂಗಿ
(ಬರೆದವಳು ತಂಗಿ. ಅಣ್ಣ ಓದಿ, ಬಾಟಮ್ಮಿನ ಸಾಲು ಸ್ವಲ್ಪ ಜೋರಾಯ್ತು ಅಂದ. ಹಾಗೇ ಇರಲಿ ಅಂದೆ.)

ತಾ.ಕ.: 1998ರ ದಸರಾ ರಜೆಯಲ್ಲಿ ಕಾಂಟ್ರಾ ಕ್ಯಾಸೆಟ್ಟನ್ನು ಒಂದು ದಿನದ ಬಾಡಿಗೆಗೆ ಮನೆಗೆ ಒಯ್ದವರು ಇನ್ನೂ ತಂದುಕೊಟ್ಟಿಲ್ಲ. ಅಪ್ಪನ ಪುಸ್ತಕದಲ್ಲಿ "ನಿಟುವಳ್ಳಿ ಹುಡುಗ, ಸೈಕಲ್" ಅಂತ ಮಾತ್ರ ಬರೆದಿದೆ. ಈ ಪತ್ರ ಓದುತ್ತಿದ್ದರೆ ತಂದುಕೊಡಿ. ದಂಡ ಕೇಳುವುದಿಲ್ಲ.