ಕೋಯಾಸಾನ್‌ಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಜಪಾನಿನ ಕೋಯಾಸಾನ್ ಎಂಬ ಬೆಟ್ಟದ ಊರಿನಲ್ಲಿ, ಬೌದ್ಧ ದೇವಾಲಯವೊಂದರಲ್ಲಿ ಎರಡು ರಾತ್ರಿ ತಂಗಿ ಬಂದೆ. ಮುಂದೆ ಹೋಗುವವರಿಗೆ ನಾಲ್ಕು ಮಾತು.

816ರಲ್ಲಿ ಕೂಕಾಯ್ ಎಂಬ ಭಿಕ್ಷುವಿಗೆ ದೊರೆತ ಜಾಗವಿದು, ಎತ್ತರ ಸುಮಾರು 800 ಮೀಟರ್. ಚಳಿಗೆ ದಪ್ಪ ಕಾಲುಚೀಲ ಮರೆಯಬೇಡಿ; ನಾನು ಮರೆತು ಅನುಭವಿಸಿದೆ. ಮಲಗುವುದು ಚಾಪೆಯ ಮೇಲೆ ಹಾಸಿದ ಹಾಸಿಗೆಯಲ್ಲಿ. ಬಾಗಿಲಿಗೆ ಬರೀ ಕಾಗದ, ಪಕ್ಕದವರ ಕೆಮ್ಮೂ ಕೇಳುತ್ತದೆ. ಊಟದಲ್ಲಿ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಇಲ್ಲ.

ಬೆಳಗಿನ ಪ್ರಾರ್ಥನೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಅರೆಗತ್ತಲು, ಧೂಪದ ಹೊಗೆ, ಭಿಕ್ಷುಗಳ ತಗ್ಗುದನಿಯ ಪಠಣ. ಒಂದಕ್ಷರವೂ ಅರ್ಥವಾಗಲಿಲ್ಲ, ಕಾಲು ಜೋಮು ಹಿಡಿದಿತ್ತು, ಆದರೂ ಏಳಲು ಮನಸ್ಸಾಗಲಿಲ್ಲ.

ಓಕುನೋಇನ್ ಸ್ಮಶಾನಕ್ಕೆ ಸಂಜೆ ಹೋಗಿ. ದೇವದಾರುಗಳ ನಡುವೆ 2 ಲಕ್ಷಕ್ಕೂ ಹೆಚ್ಚು ಸಮಾಧಿಗಳಿವೆ. ಟಾರ್ಚ್ ಇರಲಿ.